ದಫೇದಾರನ ಮೂಳೆಗಳು

ತಿಥಿಯ ಮಾರನೆಯ ಬೆಳಿಗ್ಗೆ ಹುಳುಗಳು ಮನೆಗೆ ವಾಪಸು ಬಂದವು.

ಸೂತಕದ ಮನೆಯಲ್ಲಿ ರೇಷ್ಮೆಹುಳು ಇರಬಾರದು. ಚೆನ್ನರಾಯ ತೀರಿಕೊಂಡ ದಿನ, ಹೆಣ ಇನ್ನೂ ಜಗಲಿಯ ಮೇಲಿರುವಾಗಲೇ, ಹದಿನಾರು ತಟ್ಟೆ ಹುಳುವನ್ನು ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಗೆ ಸಾಗಿಸಿದ್ದರು. ಹನ್ನೊಂದು ದಿನ ಕಳೆಯಿತು. ನೆಂಟರು ಚಿಂತಾಮಣಿಯ ಮೊದಲ ಬಸ್ಸಿಗೆ ಹೊರಟುಹೋದರು. ಈಗ ಅದೇ ತಟ್ಟೆಗಳು ಅದೇ ಬಾಗಿಲಿನಿಂದ ಒಳಗೆ ಬರುತ್ತಿದ್ದವು. ಹೋಗುವಾಗ ಜೀರಿಗೆಯಷ್ಟಿದ್ದ ಹುಳುಗಳು ಈಗ ಕಿರುಬೆರಳಿನ ದಪ್ಪ ಬೆಳೆದಿದ್ದವು.

ಚೆನ್ನರಾಯನ ಹೆಂಡತಿ ಶ್ಯಾಮಲ ಒಂದು ತಟ್ಟೆಗೆ ಕೈ ಹಾಕಿದಳು.

"ನೀನು ಬೇಡ ಕಣಮ್ಮ," ಎಂದಳು ಅತ್ತೆ ಅಕ್ಕಯಮ್ಮ. "ವರ್ಷ ತುಂಬೋವರ್ಗೂ ನೀನು ಹುಳುಮನೆಗೆ ಬರಬಾರ್ದು. ಹೊರಗಡೆ ಕೂತ್ಕೊಂಡು ಸೊಪ್ಪು ಹೆಚ್ಚಿಕೊಡು. ಹೆಚ್ಚೋಕೆ ದೋಷ ಇಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಬಾವಿಗೆ ಹೋಗು, ಬಟ್ಟೆ ಒಣಹಾಕು ಅನ್ನುವ ಹಾಗೆಯೇ ಅಂದದ್ದು. ಶ್ಯಾಮಲ ಹಿಪ್ಪುನೇರಳೆ ಸೊಪ್ಪಿನ ಹೊರೆ ಎಳೆದುಕೊಂಡು ಜಗಲಿಯ ಮೇಲೆ ಕೂತಳು. ತಾನು ಹೆಚ್ಚಿದ ಸೊಪ್ಪು ಒಳಗೆ ಹೋಗಬಹುದು, ತಾನು ಹೋಗಬಾರದು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ಇದಕ್ಕೆ ಕಾರಣ ಹುಡುಕಲು ಹೋಗಲಿಲ್ಲ. ಹನ್ನೊಂದು ದಿನದಿಂದ ಅವಳು ಯಾವುದಕ್ಕೂ ಕಾರಣ ಹುಡುಕಿರಲಿಲ್ಲ, ಅತ್ತಿರಲೂ ಇಲ್ಲ. ಕೈ ಕೆಲಸ ಮಾಡುತ್ತಿತ್ತು, ಅಷ್ಟೇ.

ಎಂಟು ಗಂಟೆಯ ಹೊತ್ತಿಗೆ ದಾಸಯ್ಯ ಆವಲಪ್ಪ ಬಂದ. ಹಣೆಯ ತುಂಬ ನಾಮ, ಹೆಗಲಿಗೆ ಶಂಖ, ಕೈಯಲ್ಲಿ ಜಾಗಟೆ. ಊರಿನಲ್ಲಿ ಯಾರು ಸತ್ತರೂ ಮುಂದೆ ನಡೆದು ಶಂಖ ಊದುವವನು ಅವನು. ಚೆನ್ನರಾಯನಿಗೂ ಅವನೇ ಊದಿದ್ದ. ಇವತ್ತು ಊದದೆ ಅಂಗಳದ ಆಚೆ ನಿಂತ.

"ಯಾಕೋ ಆವಲಪ್ಪ, ಅಲ್ಲೇ ನಿಂತೆ?" ಎಂದಳು ಅಕ್ಕಯಮ್ಮ. "ಬಾ, ರಾಗಿ ಹಾಕಿಸ್ಕೋ."

"ರಾಗಿಗೆ ಬಂದಿಲ್ಲ ತಾಯಿ. ಹೇಳ್ಹೋಗಣ ಅಂತ ಬಂದೆ. ನಾಡಿದ್ದು ಶನಿವಾರಕ್ಕೆ ಹನುಮಪ್ಪಂದು ವರ್ಷ ತುಂಬ್ತದೆ. ಗುಡಿಗೆ ಪಾಯ ತೆಗೀತಾರೆ." ಅವನು ಅತ್ತೆಗೆ ಹೇಳುತ್ತ ಸೊಸೆಯನ್ನು ನೋಡಿದ. "ಗುಂಡಿ ತೆಗೆದು, ಮೂಳೆ ಎತ್ತಿ, ಹೊಸ ಮಡಕೇಲಿಟ್ಟು, ಮೇಲೆ ಕಲ್ಲು ನಿಲ್ಲಿಸ್ತಾರೆ. ಊರೆಲ್ಲ ನೋಡ್ತದೆ."

"ಒಳ್ಳೇದಪ್ಪ. ನಮ್ಮ ಮನೆಯಿಂದ ಒಂದು ಗಾಡಿ ಕಲ್ಲು ಕೊಡ್ತೀವಿ ಅಂತ ಹೇಳು. ಆ ಹನುಮಪ್ಪಂಗೆ ಎರಡು ವರ್ಷ ಮೂತಿ ಮುಂದೆ ಪುಸ್ತಕ ಹಿಡ್ಕೊಂಡು ಕಾಟ ಕೊಟ್ಟ ನನ್ನ ಮಗ. ಕಲ್ಲಾದ್ರೂ ಕೊಡಣ."

"ಸರೇ ತಾಯಿ," ಎಂದ ಆವಲಪ್ಪ. ಆಮೇಲೂ ಎರಡು ಕ್ಷಣ ನಿಂತ. ಶ್ಯಾಮಲ ತಲೆಯಾಡಿಸಿದಳು. ಅವನು ಹೋದ.

ಊರು ಹನುಮಪ್ಪನೆಂದು ಹೂತಿದ್ದ ಕೋತಿಯ ಗುಂಡಿಯಲ್ಲಿ ಮೂಳೆ ಇಲ್ಲವೆಂಬುದು ಈಗ ಊರಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಮೂರನೆಯವನು ಸತ್ತಿದ್ದ. ಮೂಳೆಗಳು ಅವಳ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ಹತ್ತಿಯಲ್ಲಿ ಸುತ್ತಿ ಇದ್ದವು.

ಮೂರು ವರ್ಷದ ಹಿಂದೆ, ಅರವತ್ತೊಂದರಲ್ಲಿ, ಬಯಲುಸೀಮೆಯ ಕೋತಿಗಳ ನಡವಳಿಕೆಯನ್ನು ಅಭ್ಯಾಸ ಮಾಡಲು ಚೆನ್ನರಾಯನಿಗೆ ವಿಶ್ವವಿದ್ಯಾಲಯದ ಫೆಲೋಶಿಪ್ ಸಿಕ್ಕಿತ್ತು. ಕೆಂಚಾರ್ಲಹಳ್ಳಿಯಿಂದ ಚಿಂತಾಮಣಿ ಕಡೆಗೆ ಹೋಗುವ ರಸ್ತೆಯ ಎರಡೂ ಬದಿಗೆ ಹುಣಿಸೆ, ಆಲ. ಅದರ ಮೇಲೆ ನಲವತ್ತೊಂದು ಕೋತಿಗಳ ಒಂದು ಗುಂಪು. ನಿನ್ನ ಊರೇ ನಿನ್ನ ಲ್ಯಾಬೊರೇಟರಿ ಎಂದಿದ್ದರು ಪ್ರೊಫೆಸರರು. ಗೌಡರ ಮಗ ಬೆಂಗಳೂರಲ್ಲಿ ಓದಿ ಕೋತಿ ಕಾಯೋಕೆ ಬಂದ ಎಂದು ಊರು ನಕ್ಕಿತು.

ಕೋತಿಗಳು ಮರದಿಂದ ಇಳಿಯುವ ಮೊದಲೇ ಎಣಿಸಬೇಕು. ಚೆನ್ನರಾಯನಿಗೆ ಬೇಗ ಏಳುವ ಅಭ್ಯಾಸವಿರಲಿಲ್ಲ. ಹಾಗಾಗಿ ಬೆಳಗಿನ ಹೊತ್ತು ಶ್ಯಾಮಲಳದಾಯಿತು. ಐದೂವರೆಗೆ ಮರದಡಿ ನಿಂತು ಐದೈದು ನಿಮಿಷಕ್ಕೊಮ್ಮೆ ಬರೆಯುವುದು: ಯಾರು ಯಾರ ಪಕ್ಕ ಕೂತರು, ಯಾರ ಮೈಯನ್ನು ಯಾರು ಹೆಕ್ಕಿದರು, ಯಾರು ಬಂದಾಗ ಯಾರು ಎದ್ದರು, ಮೊದಲು ಯಾರು ಇಳಿದು ಯಾವ ಹೊಲದ ಕಡೆ ಹೊರಟರು. ಎಲ್ಲಕ್ಕೂ ಹೆಸರಿಟ್ಟಿದ್ದರು. ಕಿವಿ ಹರಿದ ದೊಡ್ಡ ಗಂಡು ದಫೇದಾರ. ಎಡಗೈಯ ಉಂಗುರಬೆರಳು ಅರ್ಧ ಕಳೆದುಕೊಂಡಿದ್ದ ಮುದಿ ಹೆಣ್ಣು ಮೊಂಡುಗೈ. ದಫೇದಾರ ಗುಂಪಿನ ನಾಯಕ ಎಂದು ಚೆನ್ನರಾಯ ಬರೆದ. ಆದರೆ ಬೆಳಿಗ್ಗೆ ಮೊದಲು ಇಳಿಯುತ್ತಿದ್ದದ್ದು ಮೊಂಡುಗೈ. ಅವಳು ಹೊರಟ ಕಡೆಗೆ ಉಳಿದವು ಹೊರಡುತ್ತಿದ್ದವು, ದಫೇದಾರನೂ. ಶ್ಯಾಮಲ ಅದನ್ನು ತನ್ನ ಕೈಬರಹದಲ್ಲಿ ಬರೆದಿಟ್ಟಳು.

ಹೋದ ವರ್ಷ ಇಬ್ಬರೂ ಅವಳ ತಂಗಿಯ ಮದುವೆಗೆ ಹೋಗಿದ್ದ ನಾಲ್ಕು ದಿನದಲ್ಲಿ, ಹೊಸದಾಗಿ ನೆಟ್ಟ ಕರೆಂಟು ಕಂಬಕ್ಕೆ ಹತ್ತಿ ಒಂದು ಕೋತಿ ಸತ್ತಿತ್ತು. ಅವರು ಬರುವಷ್ಟರಲ್ಲಿ ಊರು ಚಟ್ಟ ಕಟ್ಟಿ, ಭಜನೆ ಮಾಡಿಸಿ, ಆಲದ ಮರದ ಬುಡದಲ್ಲಿ ಮಣ್ಣು ಮಾಡಿಯಾಗಿತ್ತು. "ದೊಡ್ಡೋನೇ ಹೋಗ್ಬಿಟ್ಟ, ಹನುಮಪ್ಪ," ಎಂದರು ಜನ. ಮರದಲ್ಲಿ ದಫೇದಾರ ಇರಲಿಲ್ಲ. ಮೊಂಡುಗೈಯೂ ಇರಲಿಲ್ಲ. ಮೂರು ವಾರ ಗುಂಪು ದಿಕ್ಕೆಟ್ಟ ಹಾಗೆ ಆಡಿತು. ಬೆಳಗಾದರೂ ಯಾವುದೂ ಮೊದಲು ಇಳಿಯುತ್ತಿರಲಿಲ್ಲ. ಚೆನ್ನರಾಯ ಹಗಲೂ ರಾತ್ರಿ ಕೂತು ಬರೆದ. ಅದು ಅವನ ಪ್ರಬಂಧದ ಆರನೆಯ ಅಧ್ಯಾಯವಾಯಿತು: ನಾಯಕನ ಮರಣ ಮತ್ತು ಗುಂಪಿನ ಅರಾಜಕತೆ. ಪ್ರೊಫೆಸರರು ಓದಿ, ದೇಶದಲ್ಲೇ ಇಂಥದ್ದು ಯಾರೂ ಬರೆದಿಲ್ಲ, ಸಾಧ್ಯವಾದರೆ ಅಸ್ಥಿಪಂಜರವನ್ನೂ ಸಂಪಾದಿಸು ಎಂದು ಕಾಗದ ಹಾಕಿದರು.

ಕಾರ್ತಿಕ ಮಾಸದಲ್ಲಿ ಚೆನ್ನರಾಯ ಒಂದು ಗೋಣಿಚೀಲ ತಂದ. "ಆವಲಪ್ಪ ಸಾಲ ಕೊಟ್ಟಿದಾನೆ. ವರ್ಷ ತುಂಬೋದ್ರೊಳಗೆ ವಾಪಸ್ ಇಡಬೇಕು. ಯಾರಿಗೂ ಹೇಳ್ಬೇಡ. ಬುರುಡೆ, ಕಾಲು ಅಳೆದ್ರೆ ಸಾಕು."

ಅವಳು ಸುಣ್ಣದ ನೀರಿನಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒಂದೊಂದಕ್ಕೂ ಇಂಡಿಯನ್ ಇಂಕಿನಲ್ಲಿ ಸಂಖ್ಯೆ ಬರೆದಳು. ಹೇಳಿದ್ದನ್ನು ಮಾತ್ರವಲ್ಲ, ಎಲ್ಲವನ್ನೂ ಅಳೆದಳು. ಕೋರೆಹಲ್ಲು ಗಂಡಿನದರಷ್ಟು ಉದ್ದವಿರಲಿಲ್ಲ. ಸೊಂಟದ ಮೂಳೆ ಅಗಲ. ಎಡಗೈಯ ಉಂಗುರಬೆರಳಿಗೆ ಒಂದೇ ಗೆಣ್ಣು. ಮುರಿದ ತುದಿ ಎಷ್ಟೋ ವರ್ಷದ ಹಿಂದೆ ಮಾಗಿ ನುಣ್ಣಗಾಗಿತ್ತು. ಊರು ಹೂತದ್ದು ದಫೇದಾರನನ್ನಲ್ಲ. ದಫೇದಾರ ಗುಂಪು ಬಿಟ್ಟು ಹೋಗಿದ್ದ, ಅಷ್ಟೇ. ಎರಡು ವರ್ಷದಲ್ಲಿ ಇನ್ನೂ ಮೂರು ಗಂಡುಗಳು ಹಾಗೆಯೇ ಹೋಗಿದ್ದವು. ಹೆಣ್ಣು ಒಂದೂ ಹೋಗಿರಲಿಲ್ಲ. ಗುಂಪು ದಿಕ್ಕೆಟ್ಟದ್ದು ಮುದುಕಿ ಸತ್ತದ್ದಕ್ಕೆ.

ಅವಳು ಸೊಂಟದ ಮೂಳೆಯನ್ನು ಗಂಡನ ಕೈಯಲ್ಲಿಟ್ಟಾಗ ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ತಿರುಗಿಸಿ ತಿರುಗಿಸಿ ನೋಡಿದ. "ಅಯ್ಯೋ, ಹೌದಲ್ಲೇ!" ಎಂದ. "ನಂಗೆ ಹೊಳೀಲೇ ಇಲ್ಲ. ನೀನಿಲ್ಲದಿದ್ರೆ ನನ್ನ ಮರ್ಯಾದೆ ಹೋಗ್ತಿತ್ತಲ್ಲೇ ಶ್ಯಾಮಲ." ಅಧ್ಯಾಯ ತಿದ್ದುತ್ತೇನೆ, ನಿನ್ನ ಹೆಸರೂ ಹಾಕುತ್ತೇನೆ ಎಂದ. ಅವನ ಮುಖದ ಆ ಅಚ್ಚರಿ! ಐದು ವರ್ಷದ ದಾಂಪತ್ಯದಲ್ಲಿ ತೆಗೆದಿಟ್ಟುಕೊಳ್ಳುವಂಥದ್ದು ಎಂದು ಅವಳಿಗಿದ್ದದ್ದು ಅದೊಂದೇ. ಮೂರು ತಿಂಗಳಾಗುವಷ್ಟರಲ್ಲಿ ವಿಷಮಶೀತಜ್ವರ ಬಂತು.

ಮಧ್ಯಾಹ್ನ ಪ್ರೊಫೆಸರರ ಜೀಪು ಬಂತು. ಚಿಕ್ಕಬಳ್ಳಾಪುರದಲ್ಲಿ ಯಾವುದೋ ಭಾಷಣ ಮುಗಿಸಿಕೊಂಡು, ಶಿಡ್ಲಘಟ್ಟದ ಮೇಲೆ ಬಂದಿದ್ದರು. ಜಗಲಿಯ ಮೇಲೆ ಹಾಸಿದ ಚಾಪೆಯಲ್ಲಿ ಪ್ಯಾಂಟಿನ ಇಸ್ತ್ರಿ ಕೆಡದಂತೆ ಕೂತರು. ಅಕ್ಕಯಮ್ಮ ಕಾಫಿ ಕೊಟ್ಟು ಒಳಗೆ ಹೋದಳು.

"ಭಾಳ ದುಃಖದ ವಿಷಯ," ಎಂದರು. "ಬ್ರಿಲಿಯಂಟ್ ಹುಡುಗ. ಪ್ರಬಂಧ ಪೂರ್ತಿ ಇದೆ, ಮರಣೋತ್ತರ ಡಿಗ್ರಿ ಕೊಡಿಸೋಕೆ ಪ್ರಯತ್ನ ಮಾಡ್ತಿದೀನಿ. ಫೀಲ್ಡ್ ನೋಟ್‌ಬುಕ್ ಬೇಕಾಗುತ್ತೆ."

ಶ್ಯಾಮಲ ಹನ್ನೆರಡು ನೋಟ್‌ಬುಕ್ಕನ್ನೂ ತಂದಿಟ್ಟಳು. ಅವರು ಒಂದನ್ನು ತೆರೆದು, ಇನ್ನೊಂದನ್ನು ತೆರೆದು, ಕನ್ನಡಕ ಹಣೆಗೇರಿಸಿದರು.

"ಎರಡು ಕೈಬರಹ ಇದೆಯಲ್ಲ?"

"ಒಂದು ನಂದು ಸಾರ್. ಬೆಳಗಿನ ಹೊತ್ತಿಂದೆಲ್ಲ ನಂದೇ."

"ಓ, ಹೌದು. ಕೃತಜ್ಞತೆಯ ಪುಟದಲ್ಲಿ ನಿಮ್ಮ ಹೆಸರಿದೆ. ಟೈಪ್ ಮಾಡಿಕೊಟ್ಟಿದ್ದಕ್ಕೆ ಅಂತ."

"ನಂಗೆ ಟೈಪಿಂಗ್ ಬರಲ್ಲ ಸಾರ್."

ಪ್ರೊಫೆಸರರು ಕಾಫಿ ಕುಡಿದರು. ಅವಳು ಆರನೆಯ ಅಧ್ಯಾಯ ತಪ್ಪು ಎಂದಳು. ಯಾಕೆ ತಪ್ಪು ಎಂಬುದನ್ನು ಪರೀಕ್ಷೆಯಲ್ಲಿ ಉತ್ತರ ಹೇಳುವಂತೆ, ಅಳತೆಗಳ ಸಮೇತ, ಒಂದೊಂದಾಗಿ ಹೇಳಿದಳು. ಹನ್ನೊಂದು ದಿನದಲ್ಲಿ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. "ಅವರಿಗೂ ತೋರಿಸಿದ್ದೆ ಸಾರ್, ಸಂಕ್ರಾಂತಿ ಹೊತ್ತಿಗೆ. ತಿದ್ತೀನಿ ಅಂದಿದ್ರು."

"ಸಂಕ್ರಾಂತಿಗಾ? ಅಂತಿಮ ಪ್ರತಿ ಕಳಿಸಿದ್ದು ಫೆಬ್ರವರಿ ಕೊನೇಲಿ. ಆರನೇ ಅಧ್ಯಾಯದಲ್ಲಿ ಒಂದಕ್ಷರ ಬದಲಾಗಿಲ್ಲ. ಮೂಳೆ ಕೇಳಿದ್ರೆ ಇನ್ನೂ ಕ್ಲೀನ್ ಆಗಿಲ್ಲ, ಕ್ಲೀನ್ ಆಗಿಲ್ಲ ಅಂತ ಬರೀತಿದ್ದ."

ಮರೆತಿರಬೇಕು ಎಂದುಕೊಂಡಳು ಶ್ಯಾಮಲ. ಆಗಲೇ ಮೈಯಲ್ಲಿ ಜ್ವರ ಹೊಕ್ಕಿದ್ದಿರಬೇಕು.

ಪ್ರೊಫೆಸರರು ಕೆಟ್ಟವರಲ್ಲ. ವಿಷಯ ದೊಡ್ಡದೆಂದು ಅವರ ಮುಖವೇ ಹೇಳುತ್ತಿತ್ತು. "ನೀವು ಹೇಳೋದು ನಿಜ ಆದ್ರೆ ಇದು ಅವನ ಅಧ್ಯಾಯಕ್ಕಿಂತ ಮುಖ್ಯವಾದದ್ದು. ಎಲ್ಲರೂ ಗಂಡನ್ನೇ ನೋಡ್ಕೊಂಡು ಕೂತಿದಾರೆ. ಆದ್ರೆ ಬರೀ ನಿಮ್ಮ ಅಳತೆ ಮೇಲೆ ನಾನು ಪರೀಕ್ಷಕರ ಬೋರ್ಡಿನ ಮುಂದೆ ಹೋಗೋಕಾಗಲ್ಲ. ಹೆಂಗಸು, ಅದೂ ಇಂಥ ದುಃಖದಲ್ಲಿರೋರು, ಏನೋ ಬರ್ಕೊಂಡಿದಾರೆ ಅಂತಾರೆ. ಮೂಳೆ ಕೊಡಿ. ಸೊಂಟ, ಆ ಕೈ. ಬೋರ್ಡಿಗೆ ತೋರಿಸ್ತೀನಿ. ಫೆಲೋಶಿಪ್ ಇನ್ನೂ ಒಂದೂವರೆ ವರ್ಷ ಇದೆ, ನಿಮ್ಮ ಹೆಸರಿಗೆ ಮಾಡಿಸ್ತೀನಿ. ಹಾಸ್ಟೆಲಲ್ಲಿ ಇರಬಹುದು."

"ಅವರ ಡಿಗ್ರಿ?"

"ಆ ಅಧ್ಯಾಯ ಬಿದ್ರೆ ಪ್ರಬಂಧ ನಿಲ್ಲಲ್ಲಮ್ಮ." ಅವರು ಎದ್ದರು. "ಇವತ್ತು ಚಿಂತಾಮಣೀಲಿ ಉಳೀತೀನಿ. ನಾಳೆ ಒಂಬತ್ತಕ್ಕೆ ಬರ್ತೀನಿ. ಯೋಚನೆ ಮಾಡಿ."

ಜೀಪು ಹೋದ ಮೇಲೆ ಅಕ್ಕಯಮ್ಮ ಹೊರಗೆ ಬಂದಳು. "ಏನಂತೆ ಅವರ್ದು?"

"ಬೆಂಗಳೂರಿಗೆ ಬಾ ಅಂತಾರೆ. ಓದೋಕೆ."

"ಇನ್ನೂ ಓದೋದಾ? ಕೋತಿ ಮುಕಳಿ ನೋಡ್ಕೊಂಡು ನನ್ನ ಮಗ ಓದಿದ್ದು ಸಾಲ್ದಾ?" ಆಮೇಲೆ, ಸ್ವಲ್ಪ ತಡೆದು, "ನಾನು ಬೇಡ ಅನ್ನಲ್ಲ ಕಣಮ್ಮ. ಇಲ್ಲಿದ್ರೆ ಸೊಪ್ಪು ಹೆಚ್ತೀಯ. ಇಪ್ಪತ್ತಾರು ವರ್ಷ ನಿಂಗೆ. ಎಷ್ಟು ಅಂತ ಹೆಚ್ತೀಯ?" ಎಂದು ಒಳಗೆ ಹೋದಳು.

ಸಂಜೆ ಶ್ಯಾಮಲ ಟ್ರಂಕು ತೆರೆದಳು. ಗುಂಡಿ ಖಾಲಿ ಇದ್ದರೆ ಊರು ಮೊದಲು ಹಿಡಿಯುವುದು ಆವಲಪ್ಪನನ್ನು. ಶಂಖ ಕಿತ್ತುಕೊಳ್ಳುತ್ತಾರೆ, ಶಂಖವಿಲ್ಲದ ದಾಸಯ್ಯನಿಗೆ ಯಾವ ಅಂಗಳದಲ್ಲೂ ಹಿಡಿ ರಾಗಿ ಹುಟ್ಟುವುದಿಲ್ಲ. ಆದರೆ ಮಡಕೆಗೆ ಹಾಕಿದ ಮೂಳೆಯನ್ನು ಯಾರು ಒಂದೊಂದಾಗಿ ನೋಡುತ್ತಾರೆ? ಬುರುಡೆ, ಪಕ್ಕೆಲುಬು, ತೊಡೆ, ಬಾಲ ಇದ್ದರೆ ಸಾಕು. ಸೊಂಟದ ಎರಡು ಮೂಳೆ, ಎಡಗೈಯ ಮೂಳೆಗಳನ್ನು ಬೇರೆಯಾಗಿ ಕರವಸ್ತ್ರದಲ್ಲಿ ಕಟ್ಟಿ, ಜಂಬದ ಚೀಲಕ್ಕೆ ಹಾಕಿಕೊಂಡಳು. ಟ್ರಂಕಿನಲ್ಲಿ ಬಿಟ್ಟರೆ ಅತ್ತೆ ತೆರೆದಾಳು. ಉಳಿದದ್ದನ್ನು ಗೋಣಿಚೀಲಕ್ಕೆ ತುಂಬಿದಳು. ಇಂಕಿನ ಸಂಖ್ಯೆಗಳನ್ನು ಒಂದು ಗಂಟೆ ಕೂತು ಕೆರೆದು ತೆಗೆದಳು. ಅವನು ತಿದ್ದಬೇಕೆಂದಿದ್ದ, ತಾನು ತಿದ್ದಿದಂತಾಯಿತು ಎಂದುಕೊಂಡಳು. ಎಷ್ಟೋ ದಿನದ ಮೇಲೆ ಹಸಿವಾಯಿತು.

ಬೆಳಿಗ್ಗೆ ಏಳಕ್ಕೆಲ್ಲ ಸೊಪ್ಪಿನ ಬುಟ್ಟಿಯಲ್ಲಿ ಗೋಣಿಚೀಲ ಮುಚ್ಚಿಕೊಂಡು, ಜಂಬದ ಚೀಲ ತೋಳಿಗೆ ಸಿಕ್ಕಿಸಿಕೊಂಡು ಆವಲಪ್ಪನ ಮನೆಗೆ ಹೋದಳು. ಊರ ಕೊನೆಯಲ್ಲಿ ಒಂಟಿ ಮನೆ. ಅವನು ಒಂದು ಹೊಸ ಮಡಕೆಗೆ ಸುಣ್ಣದ ಪಟ್ಟೆ ಬಳಿಯುತ್ತ ಕೂತಿದ್ದ. ಅವಳನ್ನು ಕಂಡು ಎದ್ದು, ಒಳಗೆ ಕರೆದು, ಬಾಗಿಲು ಎಳೆದುಕೊಂಡ.

"ನಿನ್ನೆಯಿಂದ ಗಂಟಲಲ್ಲಿ ಮುದ್ದೆ ಇಳೀಲಿಲ್ಲ ತಾಯಿ," ಎಂದ. "ಕೇಳಣ ಅಂದ್ರೆ ಸತ್ತ ಮನೆ. ಕೇಳದೆ ಇರಣ ಅಂದ್ರೆ ಶನಿವಾರ."

"ಕೇಳಬಹುದಿತ್ತು ಆವಲಪ್ಪ."

"ಹೆಂಗೆ ಕೇಳ್ಲಿ? ನಿಮ್ಮ ಮನೇವ್ರು ಯಾರೂ ಈ ಜಗಲಿ ಮೇಲೆ ಕೂತಿದ್ದಿಲ್ಲ. ಚಿಕ್ಕಗೌಡ್ರು ಬಂದು ಕೂತು, 'ಸಾಲ ಕೊಡೋ ಆವಲಪ್ಪ' ಅಂದ್ರು. ನನ್ನ ಹತ್ರ ಗೌಡ್ರ ಮನೇವ್ರು ಕೇಳೋಂಥದ್ದು ಏನಿದ್ದೀತು? ಕೊಟ್ಬಿಟ್ಟೆ."

ಅವನು ಅರಿಶಿನದ ಬಟ್ಟೆ ಹಾಸಿದ. ಚೀಲದಿಂದ ಒಂದೊಂದೇ ತೆಗೆದು ಇಡತೊಡಗಿದ. ಮಡಕೆಗೆ ಸುರಿಯುತ್ತಾನೆ ಎಂದು ಅವಳು ಅಂದುಕೊಂಡಿದ್ದಳು. ಅವನು ಸುರಿಯಲಿಲ್ಲ. ತಲೆ, ಅದರ ಕೆಳಗೆ ಕತ್ತು, ಬೆನ್ನು, ಪಕ್ಕೆ ಎಂದು ಮಲಗಿಸುತ್ತ ಹೋದ. ತಪ್ಪು ತಪ್ಪಾಗಿಯೇ ಇಟ್ಟ, ಮೊಣಕಾಲಿನದನ್ನು ಮೊಣಕೈಗೆ ಇಟ್ಟ. ಆದರೂ ಕೊನೆಗೆ ಬಟ್ಟೆಯ ಮೇಲೆ ಒಂದು ಮೈ ಕಾಣಿಸಿತು. ನಡುವೆ ಬರಿಯ ಜಾಗ.

ಆವಲಪ್ಪ ಚೀಲವನ್ನು ಕೊಡವಿದ. ಒಳಗೆ ಕೈಯಾಡಿಸಿದ.

"ಸೊಂಟ ಇಲ್ವಲ್ಲ ತಾಯಿ. ಈ ಕಡೆ ಕೈಯೂ ಇಲ್ಲ. ಬೆರಳು ಮೊಂಡಾಗಿತ್ತಲ್ಲ, ಆ ಕೈ."

"ನಿನಗೆ ಹೇಗೆ ಗೊತ್ತು?"

"ನಾನೇ ಅಲ್ವಾ ತೊಳೆದಿದ್ದು? ಅರಿಶಿನ ಹಚ್ಚಿ ಬಟ್ಟೆ ಸುತ್ತಿದ್ದು ನಾನೇ. ಪಾಪ, ಮುದುಕಿ. ಎಷ್ಟು ಹೆತ್ತಿತ್ತೋ ಏನೋ, ಮೊಲೆಯೆಲ್ಲ ಜೋತುಬಿದ್ದಿತ್ತು."

ಶ್ಯಾಮಲ ಗೋಡೆಗೆ ಒರಗಿದಳು. "ಹೆಣ್ಣು ಅಂತ ಗೊತ್ತಿತ್ತಾ ನಿನಗೆ?"

"ಗೊತ್ತಿಲ್ದೆ ಇರ್ತದಾ? ಊರೆಲ್ಲ ಹನುಮಪ್ಪ ಹನುಮಪ್ಪ ಅಂತ ಕಾಯಿ ಒಡೀತಿದ್ರು. ಹೆಣ್ಣು ಕಣ್ರೋ ಅನ್ನೋಕಾಗ್ತದಾ? ಬಾಯ್ಮುಚ್ಕೊಂಡು ಊದಿದೆ." ಅವನು ಸುಮ್ಮನೆ ನಕ್ಕ. "ಚಿಕ್ಕಗೌಡ್ರಿಗೆ ಮಾತ್ರ ಹೇಳಿದ್ದೆ. ಗುಂಡಿ ತೆಗೆದ ದಿನ. 'ಬುದ್ಧೀ, ಇದು ನೀವು ಅಂದ್ಕೊಂಡಿರೋ ಗಂಡಲ್ಲ, ಬೆರಳು ನೋಡಿ' ಅಂದೆ. ಅವರು ತುಂಬ ಹೊತ್ತು ನೋಡಿದ್ರು. ಆಮೇಲೆ, 'ನೀನೂ ಹೇಳ್ಬೇಡ, ನಾನೂ ಹೇಳಲ್ಲ' ಅಂದ್ರು. ನಂಗೂ ಅದೇ ಬೇಕಾಗಿತ್ತು."

"ಗುಂಡಿ ತೆಗೆದ ದಿನ," ಎಂದಳು ಶ್ಯಾಮಲ.

"ಹೂಂ ತಾಯಿ. ಕಾರ್ತಿಕದಲ್ಲಿ."

ಗಂಡ ಸೊಂಟದ ಮೂಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ್ದು ಸಂಕ್ರಾಂತಿಯ ಹೊತ್ತಿಗೆ. ಎರಡು ತಿಂಗಳು ಅವಳು ಅಳೆಯುವುದನ್ನು ನೋಡುತ್ತ, ಅವಳಿಗೆ ಗೊತ್ತಾಗುವ ದಿನಕ್ಕಾಗಿ ಕಾಯುತ್ತ ಕೂತಿದ್ದ. ಗೊತ್ತಾದ ದಿನಕ್ಕೆ ಆ ಮುಖವನ್ನು ಸಿದ್ಧಮಾಡಿಟ್ಟುಕೊಂಡಿದ್ದ. ಅವಳಿಗೆ ಅಳು ಬರಬಹುದು ಅನ್ನಿಸಿತು. ಬರಲಿಲ್ಲ. ನಗು ಬಂದಿದ್ದರೂ ಆಗುತ್ತಿತ್ತು, ಅದೂ ಬರಲಿಲ್ಲ.

ಒಂಬತ್ತಕ್ಕೆ ಜೀಪು ಬರುತ್ತದೆ. ಜಂಬದ ಚೀಲದೊಳಗಿನ ಗಂಟನ್ನು ಕೊಟ್ಟರೆ ಅವನ ಪ್ರಬಂಧ ಬೀಳುತ್ತದೆ, ತನ್ನ ಹೆಸರು ಏಳುತ್ತದೆ. ನಿನ್ನೆ ಅದು ಅವನ ಪರವಾಗಿ ಮಾಡುವ ಕೆಲಸವಾಗಿತ್ತು. ಇವತ್ತು ಅವನ ಮೇಲೆ ತೀರಿಸಿಕೊಳ್ಳುವ ಕೆಲಸ. ಯಾವುದಾದರೂ ಸರಿ, ಒಂಬತ್ತಕ್ಕೆ ಮನೆಯಲ್ಲಿದ್ದರೆ ಸಾಕು.

ಆವಲಪ್ಪ ಬಟ್ಟೆಯ ಮೇಲಿನ ಆ ಬರಿಯ ಜಾಗದ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಅಂಗೈಯಿಂದ ಅಲ್ಲಿಯ ಸುಕ್ಕನ್ನು ಸವರಿ ನೇರ ಮಾಡಿದ. "ಇಲ್ಲಿಲ್ಲದಿದ್ರೆ ಗುಂಡೀಲೇ ಉಳಿದಿದ್ದೀತು," ಎಂದ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ರಾತ್ರಿ ಇವನ್ನ ವಾಪಸ್ ಗುಂಡಿಗೆ ಇಡೋವಾಗ ಇನ್ನೊಂದ್ಸಲ ಮಣ್ಣು ಜಾಲಿಸಿ ನೋಡ್ತೀನಿ. ನೀವೇನು ಇಟ್ಕೊತೀರಾ?"

ಅವನು ಅವಳ ಚೀಲದ ಕಡೆ ನೋಡಲೂ ಇಲ್ಲ.

ಸಾಲ ತಂದವನು ಗಂಡ. ಕದ್ದವಳು ತಾನು. ಇಬ್ಬರೂ ಈ ಮುದುಕನ ಮುಂದೆಯೇ ಕೂತು, ಅವನ ಸಂಕೋಚದ ಮರೆಯಲ್ಲಿ ಅವನಿಗೆ ಮೋಸ ಮಾಡಿದವರು. ಈ ಒಂದು ವಿಷಯದಲ್ಲಿ ಗಂಡಹೆಂಡಿರು ಸರಿಜೋಡಿ.

ಅವಳು ಜಂಬದ ಚೀಲದ ಗುಂಡಿ ಬಿಚ್ಚಿದಳು. ಕರವಸ್ತ್ರದ ಗಂಟನ್ನು ಬಟ್ಟೆಯ ಮೇಲಿಟ್ಟು ಬಿಡಿಸಿದಳು.

"ಹತ್ತಿರ ಇಟ್ಕೊಂಡಿದ್ದೆ," ಎಂದಳು. "ತಗೊಂಡು ಹೋಗೋಣ ಅಂತ."

ಆವಲಪ್ಪ ಅವಳ ಮುಖ ನೋಡಿದ. ಯಾಕೆ, ಎಲ್ಲಿಗೆ ಎಂದು ಕೇಳಲಿಲ್ಲ. ಸೊಂಟದ ಒಂದು ಮೂಳೆಯನ್ನು ಎರಡು ಕೈಯಲ್ಲೂ ಎತ್ತಿ, ಹಿಂದೆ ಮುಂದೆ ತಿರುಗಿಸಿದ.

"ಇದು ಎತ್ಲಾಗಮ್ಮ ಇಡೋದು?"

ಶ್ಯಾಮಲ ಅವನ ಎದುರಿಗೆ ಕೂತಳು. ಮೂಳೆಯನ್ನು ತೆಗೆದುಕೊಂಡು ಬೆನ್ನಿನ ಕೆಳಗೆ, ಅದರ ಜಾಗದಲ್ಲಿ ಇಟ್ಟಳು. ಇನ್ನೊಂದನ್ನು ಅದಕ್ಕೆ ಕೂಡಿಸಿದಳು. ಮೊಣಕಾಲಿನದನ್ನು ಮೊಣಕೈಯಿಂದ ತೆಗೆದು ಕೆಳಗೆ ಸರಿಸಿದಳು. ಆಮೇಲೆ ಎಡಗೈಯ ಸಣ್ಣ ಮೂಳೆಗಳನ್ನು ಒಂದೊಂದಾಗಿ ಜೋಡಿಸತೊಡಗಿದಳು. ಸೊಂಟದ, ಎಡಗೈಯ ಮೂಳೆಗಳ ಮೇಲೆ ಇಂಕಿನ ಸಂಖ್ಯೆ ಇನ್ನೂ ಇತ್ತು. ಸೆರಗಿನ ತುದಿಯನ್ನು ಒದ್ದೆ ಮಾಡಿಕೊಂಡು, ಸಂಖ್ಯೆ ಹೋಗುವವರೆಗೂ ಒಂದೊಂದನ್ನೂ ಉಜ್ಜಿ, ಅವನ ಕೈಗೆ ಕೊಟ್ಟಳು.